ಒಳಗೊಬ್ಬ ರೋಗಿ ಇದ್ದಾಳೆ

ಮೇ ೧೪, ಸಂಜೆ

ನಿಮಗೆ,

ನಾನು ಬದುಕಿದ್ದೇನೆ. ಉಳಿದ ಕ್ಷೇಮಸಮಾಚಾರವನ್ನು ನೀವು ಪಕ್ಕದ ಮನೆಯ ದರ್ಜಿಯಮ್ಮನಿಂದ ಫೋನಿನಲ್ಲಿ ಕೇಳಿಕೊಂಡಿದ್ದೀರಿ, ಆದ್ದರಿಂದ ಆ ಶಾಸ್ತ್ರ ಬಿಡುತ್ತೇನೆ.

ಫೋನ್ ಇರುವಾಗ ಕಾಗದ ಯಾಕೆ ಎಂದು ನಿಮ್ಮ ತಂಗಿ ನಗಬಹುದು. ನಗಲಿ. ಫೋನಿನಲ್ಲಿ ನಾನು ವಾಕ್ಯ ಶುರು ಮಾಡಿದರೆ ಮುಗಿಸುವವರು ನೀವು. ಕಾಗದದ ನಡುವೆ ಬಾಯಿ ಹಾಕಲು ಬರುವುದಿಲ್ಲ. ಬೇಕಾದರೆ ಹರಿದು ಹಾಕಬಹುದು, ಆದರೆ ಹರಿಯುವ ಮೊದಲು ಓದಿಯೇ ಓದುತ್ತೀರಿ. ಅಷ್ಟು ಮಟ್ಟಿಗೆ ನಿಮ್ಮನ್ನು ಬಲ್ಲೆ.

ವಿಷಯ ಇಷ್ಟು. ಪಟ್ಟಣದಲ್ಲಿರುವ ಮನೆ ಒಡತಿ ನಿನ್ನೆ ದೋಣಿಯವನ ಹತ್ತಿರ ಹೇಳಿಕಳಿಸಿದ್ದಾಳೆ, ತಿಂಗಳ ಕೊನೆಗೆ ಮನೆ ಖಾಲಿ ಮಾಡಬೇಕಂತೆ. ಯಾಕೆ ಎಂದು ಕೇಳಿದೆ. "ನಿಮ್ಮ ಯಜಮಾನ್ರೇ ಫೋನ್ ಮಾಡಿದ್ರಂತಲ್ಲಮ್ಮ. ಹಾರ್ಟ್ ಪೇಷೆಂಟು, ಒಬ್ಬಳನ್ನೇ ಬಿಡೋಕಾಗಲ್ಲ, ಮನೆ ಕರಾರು ಮುಂದುವರಿಸಬೇಡಿ ಅಂದ್ರಂತೆ" ಎಂದ. ಹೇಳುವಾಗ ನನ್ನ ಮುಖ ನೋಡಲಿಲ್ಲ. ಕೇಳಿ ನಾನು ಅಲ್ಲೇ ಕುಸಿದು ಬಿದ್ದೇನೆಂದು ಒಂದು ಕೈಯನ್ನು ಸ್ವಲ್ಪ ಮುಂದೆ ಚಾಚಿಕೊಂಡೇ ನಿಂತಿದ್ದ.

ನನಗೆ ಹೃದಯದ ಕಾಯಿಲೆ ಇಲ್ಲ. ಇದ್ದದ್ದೇ ಇಲ್ಲ. ಮಂಡಿ ನೋವಿದೆ, ಎಡಗಿವಿ ಸ್ವಲ್ಪ ಮಂದ, ಈ ಊರಿನ ಸೆಕೆಗೆ ಕತ್ತಿನ ಸುತ್ತ ಬೆವರುಸಾಲೆ. ಇವು ನನ್ನ ಕಾಯಿಲೆಗಳು. ಹೃದಯದ್ದು ನೀವು ಮಾಡಿದ್ದು.

ಮೊದಲಿನಿಂದ ಹೇಳುತ್ತೇನೆ, ಯಾಕೆಂದರೆ ನೀವು ಎಂದೂ ಮೊದಲಿನಿಂದ ಕೇಳಿಸಿಕೊಂಡವರಲ್ಲ. ನೀವು ಈ ದೇಶದ ಬಂದರಿನ ಕಚೇರಿಯಲ್ಲಿ ಕೆಲಸ ಮಾಡುತ್ತಾ ವರ್ಷಕ್ಕೊಮ್ಮೆ ನಮ್ಮೂರಿಗೆ ಬಂದು ಹೋಗುತ್ತಿದ್ದಾಗ ನಾನು ಅಲ್ಲಿ ಕನ್ನಡಕದ ಅಂಗಡಿಯಲ್ಲಿ ಜನರ ಮೂಗಿಗೆ ಫ್ರೇಮು ಕೂರಿಸುತ್ತಿದ್ದೆ. ಇಬ್ಬರೂ ನಿವೃತ್ತರಾದೆವು. ನದಿ, ಮರ, ನಿಶ್ಶಬ್ದ ಎಂದು ಹೇಳಿ ನೀವು ನನ್ನನ್ನು ಇಲ್ಲಿಗೆ ಕರೆತಂದಿರಿ. ನದಿ ಇತ್ತು. ಮರಗಳು ಬೇಕಾದಷ್ಟು. ನಿಶ್ಶಬ್ದವೂ ಇತ್ತು, ಅದೇ ನನಗೆ ವಿಚಿತ್ರ ಅನಿಸುತ್ತಿತ್ತು. ದರ್ಜಿಯ ಮನೆಯಲ್ಲಿ ದಿನವಿಡೀ ಜಗಳ, ನಗು, ರೇಡಿಯೊ. ಆಚೆ ಬಡಗಿಯ ಸುತ್ತಿಗೆ. ನಮ್ಮ ಗೇಟಿನ ಮುಂದೆ ಬಂದವರು ಮಾತ್ರ ಮಾತು ನಿಲ್ಲಿಸಿ, ತಲೆ ತಗ್ಗಿಸಿ ದಾಟಿಹೋಗುತ್ತಿದ್ದರು. ನಾನು ಜಗಲಿಯಲ್ಲಿ ಕೂತು ನೋಡುತ್ತಿದ್ದೆ. ನನ್ನ ಬಣ್ಣವೋ, ಉಡುವ ರೀತಿಯೋ, ಏನೋ ಇವರಿಗೆ ಹಿಡಿಸಿಲ್ಲ ಅಂದುಕೊಂಡೆ. ನಿಮ್ಮನ್ನೇ ಕೇಳಿದೆ. "ಇವರು ಹಾಗೇ, ಹೊರಗಿನವರನ್ನ ಹತ್ತಿರ ಸೇರಿಸಲ್ಲ. ನೀನೂ ಮೈಮೇಲೆ ಬಿದ್ದು ಹೋಗಬೇಡ" ಎಂದಿರಿ. ಹೋಗಲಿಲ್ಲ. ಭಾಷೆ ಬಾರದವಳು ಎಲ್ಲಿಗೆ ಹೋಗಲಿ? ನನ್ನ ಮಾತೂ ನೀವೇ, ಕಿವಿಯೂ ನೀವೇ.

ದರ್ಜಿಯಮ್ಮನ ಮಗಳ ಮದುವೆ ನಿಮಗೆ ನೆನಪಿರಬೇಕು. ಮದುವೆಗೆ ಒಂದು ವಾರ ಮುಂಚೆ ದರ್ಜಿಯಮ್ಮನೂ ಗಂಡನೂ ಬಂದು ಗೇಟಿನಲ್ಲಿ ನಿಮ್ಮ ಹತ್ತಿರ ಬಹಳ ಹೊತ್ತು ಮಾತಾಡಿದರು. ಅವಳು ನನ್ನ ಕಡೆ ನೋಡಿ ನೋಡಿ ನಗುತ್ತಿದ್ದಳು. ಏನಂತೆ ಎಂದೆ. "ಕುರ್ಚಿ ಬೇಕಂತೆ" ಎಂದಿರಿ. ನಮ್ಮ ಆರು ಕುರ್ಚಿಯನ್ನೂ ಒರೆಸಿ ನಾನೇ ಎತ್ತಿಕೊಟ್ಟೆ. ಮದುವೆಯ ದಿನ ನೀವು ಒಳಗೆ ಓದುತ್ತಾ ಕೂತಿರಿ. ನಾನು ಕುರ್ಚಿಯಿಲ್ಲದ ಜಗಲಿಯಲ್ಲಿ ಮೆಟ್ಟಿಲ ಮೇಲೆ ಕೂತು ಪಕ್ಕದ ಮನೆಯ ಹಾಡು ಕೇಳಿದೆ. ಅವರು ಅವತ್ತು ಬಂದದ್ದು ನನ್ನನ್ನು ಮದುವೆಗೆ ಕರೆಯಲಂತೆ. ಮದುಮಗಳ ಪಕ್ಕದಲ್ಲಿ ಕೂರಬೇಕು, ವಯಸ್ಸಾದ ಹೆಂಗಸರು ಮನೆಯಲ್ಲಿ ಯಾರೂ ಇಲ್ಲ ಎಂದು ಬೇಡಿಕೊಂಡರಂತೆ. ನೀವು ಎದೆಯ ಮೇಲೆ ಕೈಯಿಟ್ಟು, ತಲೆ ಅಲ್ಲಾಡಿಸಿ, ಆಕೆಗೆ ಸದ್ದು ಆಗುವುದಿಲ್ಲ, ಯಾವ ಗಳಿಗೆಯಲ್ಲಿ ಏನೋ ಎಂದಿರಂತೆ. ಕುರ್ಚಿಯನ್ನು ನೀವಾಗಿಯೇ ಕೊಡುತ್ತೇನೆಂದಿರಂತೆ. ಎಂಥ ಉದಾರಿ!

ಇದೆಲ್ಲ ನನಗೆ ಗೊತ್ತಾದದ್ದು ನೀವು ಕಣ್ಣಿನ ಆಪರೇಷನ್ನಿಗೆಂದು ಊರಿಗೆ ಹೋದ ಮೇಲೆ. ಆರು ವಾರ ಎಂದು ಹೋದಿರಿ. ಆ ಕಣ್ಣು ವಾಸಿಯಾಗಿ ಎರಡು ವರ್ಷವಾಯಿತು. ತಂಗಿಯ ಮನೆಯ ತಣ್ಣನೆಯ ಕೋಣೆ ಬಿಟ್ಟು ಈ ಬೆವರಿಗೆ ಮತ್ತೆ ಬರಲಾರೆ ಎಂದು ನೇರವಾಗಿ ಹೇಳಿದ್ದರೆ ನಾನು ಬೇಡ ಅನ್ನುತ್ತಿರಲಿಲ್ಲ. ನೇರವಾಗಿ ಹೇಳುವುದು ನಿಮಗೆ ಯಾವ ಭಾಷೆಯಲ್ಲೂ ಬರುವುದಿಲ್ಲ.

ಒಬ್ಬಳೇ ಆದೆ. ಉಪ್ಪು ಮುಗಿದರೆ ಕೇಳಲೇಬೇಕಲ್ಲ. ದರ್ಜಿಯಮ್ಮನ ಹೊಲಿಗೆ ಯಂತ್ರದ ಪಕ್ಕ ಕೂತು ಗುಂಡಿ ಹೊಲಿದುಕೊಡುತ್ತಾ ಭಾಷೆ ಕಲಿತೆ. ಸೂಜಿ, ದಾರ, ಬಾ, ಕೂರು, ಸಾಕು, ಇನ್ನೂ ಸ್ವಲ್ಪ. ನಾನು ತಪ್ಪು ಮಾತಾಡಿದರೆ ಅವಳು ಯಂತ್ರ ನಿಲ್ಲಿಸಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. "ನೀನು ಮಾತಾಡೋದು ಕೇಳಿದ್ರೆ ಹಲ್ಲು ಬರದ ಮಗು ವಕೀಲಿಕೆ ಮಾಡಿದ ಹಾಗಿರುತ್ತೆ ಕಣಕ್ಕ" ಅನ್ನುತ್ತಿದ್ದಳು. ಒಂದು ದಿನ ನಾನು ನೀರಿನ ಬಕೆಟ್ ಎತ್ತಿದೆ. ಅವಳು ಎದ್ದು ಬಂದು ಕಸಿದುಕೊಂಡಳು. "ನಿನಗೆ ಬುದ್ಧಿ ಇದೆಯಾ? ಭಾರ ಎತ್ತಬಾರದು ಅಂತ ನಿನ್ನ ಗಂಡ ಎಷ್ಟು ಸಲ ಹೇಳಿದಾನೆ! ಪಾಪ, ಆ ಮನುಷ್ಯ ನಿನ್ನನ್ನ ಗಾಜಿನ ಹಾಗೆ ನೋಡಿಕೊಂಡ." ಆಮೇಲೆ ಒಂದೊಂದಾಗಿ ಹೊರಬಂತು. ಸದ್ದು ಆಗದು, ಮಕ್ಕಳ ಗಲಾಟೆ ಆಗದು, ಮಧ್ಯಾಹ್ನ ಯಾರೂ ಗೇಟು ತಟ್ಟಬಾರದು. ಮಧ್ಯಾಹ್ನ ನಿದ್ದೆ ಮಾಡುತ್ತಿದ್ದವರು ಯಾರು? ನಾನಂತೂ ಅಲ್ಲ.

ಈ ಊರು ನನ್ನನ್ನು ದೂರ ಇಟ್ಟಿದೆ ಎಂದು ನಾನು ಅಂದುಕೊಂಡಿದ್ದ ಅಷ್ಟೂ ವರ್ಷ ಈ ಊರು ನನ್ನ ಜೀವ ಕಾಯುತ್ತಿತ್ತು. ಇದನ್ನು ಯೋಚಿಸಿದಾಗಲೆಲ್ಲ ನನಗೆ ಮೊದಲು ನಗು ಬರುತ್ತದೆ, ಆಮೇಲೆ ಕೈಗೆ ಸಿಕ್ಕಿದ್ದನ್ನು ಎತ್ತಿ ಎಸೆಯಬೇಕು ಅನಿಸುತ್ತದೆ. ಒಂದು ಸಲ ಎಸೆದೆ ಕೂಡ. ನಿಮ್ಮ ಚಹಾದ ಲೋಟ. ಒಡೆಯಲಿಲ್ಲ, ಸ್ಟೀಲು.

ಸುಳ್ಳು ಎಂದು ಅವತ್ತೇ ಯಾಕೆ ಹೇಳಲಿಲ್ಲ ಅನ್ನುತ್ತೀರಿ. ಹೇಳಿದರೆ ನನ್ನ ಗಂಡ ಸುಳ್ಳುಗಾರ ಅಂದ ಹಾಗೆ. ಅಷ್ಟು ದೊಡ್ಡ ಮಾತಿಗೆ ನನ್ನ ಹತ್ತಿರ ಇಲ್ಲಿನ ಪದಗಳು ಇನ್ನೂ ಕೂಡಿರಲಿಲ್ಲ. ಪದ ಕೂಡಿದ ಮೇಲೆ ನಾಚಿಕೆ ಅಡ್ಡ ಬಂತು. ನಿಮ್ಮ ಮಾನ ಕಾಯುವ ಚಟ, ಬೇಗ ಬಿಡುವಂಥದ್ದಲ್ಲ.

ಇನ್ನು ಹೋದ ಸೋಮವಾರದ ವಿಚಾರ. ನಾನು ದಿನಾ ಬೆಳಕು ಹರಿಯುವಾಗ ಮುಂದಿನ ಕಿಟಕಿ ತೆರೆಯುತ್ತೇನೆ. ಕನ್ನಡಕ ಸರಿಮಾಡಿಸಿಕೊಳ್ಳುವವರು ಕೆಲಸಕ್ಕೆ ಹೋಗುವ ಮುಂಚೆ ಬರುತ್ತಾರೆ. ಕಾಲು ಸಡಿಲವಾದದ್ದು, ಮೂಗಿನ ಮೆತ್ತೆ ಬಿದ್ದದ್ದು, ಮೇಲೆ ಕೂತು ಬಗ್ಗಿಸಿದ್ದು. ಇದು ನಿಮಗೆ ಗೊತ್ತಿಲ್ಲ, ನೀವು ಕೇಳಿಲ್ಲ. ಸೋಮವಾರ ನಾನು ಮೊದಲ ದೋಣಿಗೆ ಪಟ್ಟಣಕ್ಕೆ ಹೋದೆ. ಕಿಟಕಿ ತೆರೆಯಲಿಲ್ಲ. ಬಾಗಿಲು ತಟ್ಟಿದರು, ಕೂಗಿದರು, ಸದ್ದಿಲ್ಲ. ಬೇರೆ ಯಾರ ಮನೆಯಾಗಿದ್ದರೂ ಹೊರಗೆ ಹೋಗಿರಬೇಕು ಅನ್ನುತ್ತಿದ್ದರು. ಇಲ್ಲಿ ಒಳಗೊಬ್ಬ ಹೃದ್ರೋಗಿ. ಬಡಗಿ ಹಾರೆ ತಂದ. ಉದ್ದ ಕತ್ತಿನವನು, ಊರವರೆಲ್ಲ ಕೊಕ್ಕರೆ ಅನ್ನುತ್ತಾರೆ, ನೀವು ಯಾವಾಗಲೂ ಚೌಕಾಸಿ ಮಾಡುತ್ತಿದ್ದಿರಲ್ಲ, ಅವನೇ. ಬಾಗಿಲು ಒಡೆದರು.

ನಾನು ಮರಳಿ ಬಂದಾಗ ಅರ್ಧ ಊರು ನನ್ನ ಮಲಗುವ ಕೋಣೆಯಲ್ಲಿತ್ತು. ದರ್ಜಿಯಮ್ಮ ನನ್ನ ಹಾಸಿಗೆಯ ಮೇಲೆ ಕೂತು, ನನ್ನ ದಿಂಬನ್ನು ಮಡಿಲಲ್ಲಿಟ್ಟುಕೊಂಡು ಅಳುತ್ತಿದ್ದಳು. ಹೆಣ ಸಿಗಲಿಲ್ಲವಾದ್ದರಿಂದ ನದಿಯ ಹತ್ತಿರ ಬಿದ್ದಿರಬೇಕೆಂದು ಕೆಲವರು ಅತ್ತ ಓಡಿದ್ದರು. ಕೊಕ್ಕರೆ ಅಂಗೈಯಲ್ಲಿ ಪೆನ್ಸಿಲಿನಿಂದ ಏನೋ ಬರೆದುಕೊಂಡಿದ್ದ. ಏನದು ಎಂದೆ. "ಹೊಸ ಬಾಗಿಲಿನ ಅಳತೆ ಅಕ್ಕ" ಎಂದ. ಐದು ಅಡಿ ಮೂರು ಅಂಗುಲ! ಯಾವ ಮನೆಯ ಬಾಗಿಲು ಅಷ್ಟು ಗಿಡ್ಡ? ನಾನು ಐದು ಅಡಿ ಒಂದು ಅಂಗುಲ. ಇಲ್ಲಿ ಹೆಣದ ಪೆಟ್ಟಿಗೆ ಮಾಡುವವನೂ ಅವನೇ, ಕಾಲು ಚಾಚಲು ಜಾಗ ಬಿಟ್ಟು ಬರೆದಿದ್ದ. ಅವನಿಗೆ ಬೈದೆ, ಎಲ್ಲರಿಗೂ ಬೈದೆ, ಇಲ್ಲಿನ ಭಾಷೆಯಲ್ಲಿ ನಾನು ಅಷ್ಟು ಉದ್ದ ಮಾತಾಡಿದ್ದು ಅದೇ ಮೊದಲು. "ಬೈಯಲಿ ಬಿಡ್ರೋ, ಬೈಯೋಷ್ಟು ಉಸಿರಿದೆಯಲ್ಲ" ಎಂದು ದರ್ಜಿಯಮ್ಮ ಮೂಗು ಒರೆಸಿಕೊಂಡು ನನ್ನ ಕೈಗೆ ಫೋನು ಕೊಟ್ಟಳು. ಆ ಕಡೆ ನೀವಿದ್ದಿರಿ.

ನೀವು ಏನು ಹೇಳಿದಿರಿ ಎಂದು ನಿಮಗೆ ನೆನಪಿಲ್ಲದಿದ್ದರೆ ಬರೆಯುತ್ತೇನೆ. "ಎಲ್ಲಿಗೆ ಹೋಗಿದ್ದೆ?" ಎಂದಿರಿ.

ಇದ್ದೀಯಾ ಎಂದು ಕೇಳಲಿಲ್ಲ. ನನಗೆ ಕಾಯಿಲೆ ಇಲ್ಲವೆಂದು ಗೊತ್ತಿದ್ದ ಒಬ್ಬರೇ ಒಬ್ಬರು ನೀವು, ಆದ್ದರಿಂದ ಗಾಬರಿಯಾಗಲಿಲ್ಲ ಎಂದು ಸಮಾಧಾನ ಮಾಡಿಕೊಳ್ಳಲು ನೋಡಿದೆ. ಆಗಲಿಲ್ಲ. ದರ್ಜಿಯಮ್ಮ ಆಮೇಲೆ ಹೇಳಿದಳು: ಅವಳು ಅಳುತ್ತಾ ಸುದ್ದಿ ತಿಳಿಸಿದಾಗ ನೀವು, "ನಾನು ಮೊದಲೇ ಹೇಳಿರಲಿಲ್ವಾ?" ಎಂದಿರಂತೆ. ನಿಮ್ಮದೇ ಸುಳ್ಳು ನಿಜವಾಯಿತೆಂದು ನಿಮಗೊಂದು ಕ್ಷಣ ಸಮಾಧಾನವಾಯಿತೇ? ನನಗೆ ಉತ್ತರ ಬೇಡ. ಕೇಳಬೇಕಿತ್ತು, ಕೇಳಿದೆ.

ಎಲ್ಲಿಗೆ ಹೋಗಿದ್ದೆ? ಒಡತಿಯ ಮನೆಗೆ. ಕರಾರು ನಿಮ್ಮ ಹೆಸರಿನಲ್ಲಿದೆ, ತಿಂಗಳ ಕೊನೆಗೆ ಮುಗಿಯುತ್ತದೆ, ನನ್ನ ಹೆಸರಿಗೆ ಮಾಡಿಕೊಡಿ ಎಂದು ಕೇಳಲು. ದೋಣಿಯಲ್ಲಿ ವಾಕ್ಯಗಳನ್ನು ಬಾಯಿಪಾಠ ಮಾಡಿಕೊಂಡೆ. ಅವಳು ಬಾಯಿಬಿಟ್ಟು ನೋಡಿದಳು. "ಅಯ್ಯೋ, ನಿಮಗೆ ಮಾತು ಬರುತ್ತಾ? ನಿಮ್ಮ ಯಜಮಾನ್ರು ಏನೇನೋ ಹೇಳಿದ್ರಲ್ಲ!" ಕೊನೆಗೆ ಒಪ್ಪಿದಳು. "ನನಗೇನಮ್ಮ? ಅವರು ಒಂದು ಸಲ ಫೋನಿನಲ್ಲಿ ಹೂಂ ಅನ್ನಲಿ, ಬರೆದುಕೊಡ್ತೀನಿ." ಮರಳುವಾಗ ದೋಣಿಯಲ್ಲಿ ಒಬ್ಬಳೇ ನಗುತ್ತಿದ್ದೆ. ಅಂದು ರಾತ್ರಿ ನಿಮಗೆ ಫೋನ್ ಮಾಡಿ ಆ ಒಂದು ಹೂಂ ಕೇಳುವವಳಿದ್ದೆ. ಅಷ್ಟರಲ್ಲಿ ನೀವೇ ಅವಳಿಗೆ ಫೋನ್ ಮಾಡಿ ನನ್ನನ್ನು ಮತ್ತೊಮ್ಮೆ ಮಲಗಿಸಿದಿರಿ.

ಈ ಊರು ಸುಂದರ ಎಂದು ನಾನು ಇಲ್ಲಿ ಕೂತಿಲ್ಲ. ಚಪ್ಪಲಿಯೊಳಗೆ ಬೂಸ್ಟು ಬೆಳೆಯುತ್ತದೆ. ಬಚ್ಚಲಿನಲ್ಲಿ ಕಪ್ಪೆ ಕೂತಿರುತ್ತದೆ, ಓಡಿಸಿದರೆ ನನಗಿಂತ ಮುಂಚೆ ಅಡುಗೆಮನೆಗೆ ಹೋಗುತ್ತದೆ. ಮಧ್ಯಾಹ್ನ ಕರೆಂಟು ಹೋದರೆ ಉಸಿರಾಡುವುದೇ ಒಂದು ಕೆಲಸ. ಆದರೆ ಬೆಳಿಗ್ಗೆ ಕಿಟಕಿ ತೆರೆದರೆ ಯಾರೋ ನನ್ನನ್ನು ಕೂಗುತ್ತಾರೆ. ಇಲ್ಲಿ ನಾನು ಕೆಟ್ಟ ವ್ಯಾಕರಣದಲ್ಲಿ ಆದರೂ ನಾನೇ ಮಾತಾಡುತ್ತೇನೆ. ನಿಮ್ಮ ತಂಗಿಯ ಮನೆಯ ಹಿಂದಿನ ಕೋಣೆಗೆ ಬಂದರೆ ಅಲ್ಲಿ ಎಲ್ಲರಿಗೂ ನನ್ನ ಭಾಷೆ ಗೊತ್ತು, ಆದರೂ ಅಲ್ಲಿ ನಿಮ್ಮದೇ ಅನುವಾದ.

ಆದ್ದರಿಂದ ಕೇಳಿ. ಇದು ವಿನಂತಿ ಅಲ್ಲ. ಈ ಕಾಗದ ತಲುಪಿದ ದಿನವೇ ಒಡತಿಗೆ ಫೋನ್ ಮಾಡಿ, ನನ್ನ ಹೆಂಡತಿಗೆ ಯಾವ ಕಾಯಿಲೆಯೂ ಇಲ್ಲ, ನಾನು ಸುಳ್ಳು ಹೇಳಿದ್ದೆ ಎನ್ನಿ. ಎರಡೇ ವಾಕ್ಯ. ನಿಮಗೆ ಅವಳ ಭಾಷೆ ನನಗಿಂತ ಚೆನ್ನಾಗಿ ಬರುತ್ತದೆ.

ಇಂತಿ,
ನೀವು ಇಲ್ಲಿ ಯಾರಿಗೂ ಪರಿಚಯ ಮಾಡಿಸದ
ನಿಮ್ಮ ಹೆಂಡತಿ

ತಾ.ಕ. ಮೇ ೧೭. ಅಂಚೆಯವನು ಇಂದು ಬಂದಿದ್ದಾನೆ, ಹೊರಗೆ ಕಾಯುತ್ತಿದ್ದಾನೆ, ಅದಕ್ಕೇ ಬೇಗ ಬರೆಯುತ್ತೇನೆ. ಮೇಲೆ ಬರೆದ ಎರಡು ವಾಕ್ಯ ನೀವು ಹೇಳುವವರಲ್ಲ ಎಂದು ಬರೆಯುವಾಗಲೇ ಗೊತ್ತಿತ್ತು. ನಿನ್ನೆ ಮತ್ತೆ ಪಟ್ಟಣಕ್ಕೆ ಹೋದೆ, ದರ್ಜಿಯಮ್ಮನನ್ನೂ ಕರೆದುಕೊಂಡು. ನಾನು ದೋಣಿಕಟ್ಟೆಯಿಂದ ಅವಳ ಮನೆಯವರೆಗೆ ನಡೆದೇ ಬಂದೆನೆಂದು ಒಡತಿಗೆ ಆಶ್ಚರ್ಯ. "ಹಾಗಾದ್ರೆ ನಿಮ್ಮ ಯಜಮಾನ್ರು ಯಾಕೆ ಹಾಗೆ ಹೇಳ್ತಾರೆ?" ಎಂದಳು. ಪಾಪ, ಅವರಿಗೆ ಈಗ ತಲೆ ನೆಟ್ಟಗಿಲ್ಲ ಎಂದೆ. "ಫೋನಿನಲ್ಲಿ ಅಷ್ಟು ಸರಿಯಾಗಿ ಮಾತಾಡ್ತಾರಲ್ಲ!" ಅಂದಳು. ಮಾತು ಸರಿಯಾಗೇ ಇರುತ್ತದೆ, ಹೇಳುವುದು ಮಾತ್ರ ಇಲ್ಲದ್ದು, ಅದೇ ಆ ಕಾಯಿಲೆ ಎಂದೆ. ಅವಳು ನನ್ನ ಕೈ ಹಿಡಿದುಕೊಂಡಳು. ದರ್ಜಿಯಮ್ಮ ಅತ್ತಳು. ಮನೆ ನನ್ನ ಹೆಸರಿಗಾಯಿತು. ನೀವು ಫೋನ್ ಮಾಡಿದರೆ ಅವಳು ಎಲ್ಲದಕ್ಕೂ ಹೂಂ ಹೂಂ ಅನ್ನುತ್ತಾಳೆ, ಬೇಸರ ಮಾಡಿಕೊಳ್ಳಬೇಡಿ. ವಾದ ಮಾತ್ರ ಮಾಡಬೇಡಿ. ವಾದ ಮಾಡಿದಷ್ಟೂ ಅವಳಿಗೆ ಖಾತ್ರಿಯಾಗುತ್ತದೆ.