ಶಿಲುಬೆಯಿಂದ ಮೇಲಕ್ಕೆ ಏಕವಚನ

ಲೆರ್ಖೆನ್‌ಬಾಖ್, ಟಿರೋಲ್
ಸೆಪ್ಟೆಂಬರ್ ೯, ಮಂಗಳವಾರ

ಮುದ್ದಿನ ಬುರ್ಗಿ,

ಹೇಗಿದ್ದೀಯ? ಹಡಗಿನ ಅಡುಗೆಮನೆಯಲ್ಲಿ ಸುಟ್ಟುಕೊಂಡ ಕೈ ಮಾಗಿತೇ? ನನ್ನ ಮಂಡಿ ಏರುವಾಗ ತೆಪ್ಪಗಿದ್ದು ಇಳಿಯುವಾಗ ಕೂಗುತ್ತದೆ. ಇಳಿವಯಸ್ಸು ಎನ್ನುವುದು ಇದಕ್ಕೇ ಇರಬೇಕು. ಆದರೂ ಪ್ರವಾಸಿಗರನ್ನು ಬೆಟ್ಟ ಹತ್ತಿಸುವ ಕೆಲಸ ನಿಂತಿಲ್ಲ. ಅವರು ಹಿಮಶಿಖರದ ಫೋಟೋ ತೆಗೆಯುತ್ತಾರೆ. ಅದರ ಅಂಚಿನಲ್ಲಿ ಅರ್ಧ ತಲೆ, ಒಂದು ಸುರುಳಿ ಹಗ್ಗ ಕಂಡರೆ ಅದು ನಿನ್ನಪ್ಪ.

ಬ್ರೆಮೆನ್‌ನ ಹೆಡ್ವಿಗ್ ಮೇಡಂ ಈ ಬೇಸಿಗೆಯೂ ನಮ್ಮ ಮಹಡಿಯ ಕೋಣೆಗೆ ಬಂದಿದ್ದಾರೆ. ಶಾಲೆಯಲ್ಲಿ ವ್ಯಾಕರಣ ಕಲಿಸಿ ನಿವೃತ್ತರಾದವರು, ನಿನಗೆ ಗೊತ್ತಲ್ಲ. ನಮ್ಮ ಪದ್ಧತಿಯನ್ನು ಮೊದಲ ವರ್ಷವೇ ಹೇಳಿಕೊಟ್ಟಿದ್ದೆ: ಕಾಡು ಮುಗಿಯುವಲ್ಲಿನ ಮರದ ಶಿಲುಬೆ ದಾಟಿದರೆ ಪಾದ್ರಿಯಿಂದ ಪ್ರವಾಸಿಯವರೆಗೆ ಎಲ್ಲರೂ ‘ನೀನು’, ಇಳಿದು ಅಲ್ಲಿಗೆ ಬಂದರೆ ಹೊರಗಿನವರು ಮತ್ತೆ ‘ನೀವು’. ಉಸಿರಿಗೇ ಬರಗಾಲವಿರುವ ಕಡೆ ಬಹುವಚನ ಹೊರುವವರಾರು? ಅಂದಿನಿಂದ, ಮೇಲೆ ನನಗೆ ‘ವೆಂಡೆಲಿನ್, ನಿನ್ ಹಗ್ಗ ನನ್ ಕಾಲಿಗೆ ಸುತ್ಕೊಂಡಿದೆ ಕಣೋ’ ಎನ್ನುವ ಅವರ ಬಾಯಿ ಕೆಳಗೆ ‘ನಿಮ್ಮ ಕಾಫಿ ಆರಿಹೋಗ್ತಿದೆ, ನೋಡಿ’ ಎನ್ನುತ್ತದೆ.

ನಿನ್ನೆ ಎಡವಟ್ಟಾಯಿತು. ಇಳಿಯುತ್ತ ಶಿಲುಬೆ ದಾಟಿತು, ಕಾಡು ದಾಟಿತು, ಸೇತುವೆಯೂ ದಾಟಿತು. ಸೆನ್ಸಿಯ ಬ್ರೆಡ್ ಅಂಗಡಿಯಲ್ಲಿ ಅರ್ಧ ಊರು ಸಾಲು ನಿಂತಿರುವಾಗ ಮೇಡಂ, ‘ವೆಂಡೆಲಿನ್, ನಿಂಗೆ ಕಪ್ಪು ಬ್ರೆಡ್ಡೇ ತಾನೆ?’ ಎಂದುಬಿಟ್ಟರು. ಸೆನ್ಸಿ ಬಿಡುವವಳೇ? ‘ಏನ್ ಮಾಮ, ಶಿಲುಬೆ ನಮ್ ಅಂಗ್ಡಿಗಂಟ ಇಳಿದು ಬಂತಾ?’ ಎಂದಳು. ಮಂಡಿ ನೋಯುವ ಕಾಲನ್ನೇ ಹುಡುಕಿ ಎಳೆಯುವವಳು ಅವಳು. ಮೇಡಂ ನಾಚಲಿಲ್ಲ, ತಿದ್ದಿಕೊಳ್ಳಲೂ ಇಲ್ಲ. ಜೀವಮಾನವೆಲ್ಲ ಕಂಡವರ ತಪ್ಪಿಗೆ ಕೆಂಪು ಗೀಟು ಎಳೆದವರು ಬಾಯಿ ತಪ್ಪಿ ಹಾಗೆಂದಿರಲಾರರು. ನಾನೋ ಜಾಣ, ‘ಹೌದು, ನಿಮಗೆ?’ ಎಂದೆ. ಮನೆಯವರೆಗೂ ಅವರು ನನಗಿಂತ ಹತ್ತು ಹೆಜ್ಜೆ ಮುಂದೆಯೇ ನಡೆದರು. ಇವತ್ತು ಬೆಳಗ್ಗೆ ‘ಶನಿವಾರದ ಬಸ್ಸಿಗೆ ಹೊರಡ್ತೀನಿ. ನಂಗೆ ಬೆಟ್ಟ ಸಾಕಾಯ್ತು’ ಎಂದರು.

ಉಳಿದಂತೆ ಎಲ್ಲ ಕ್ಷೇಮ. ಹಸುಗಳು ಮೇಲಿನ ಹುಲ್ಲುಗಾವಲಿನಿಂದ ಇಳಿಯುವ ಕಾಲ ಹತ್ತಿರವಾಯಿತು. ಅಮ್ಮನ ಸಮಾಧಿಗೆ ಹೊಸ ಹೂಗಿಡ ನೆಟ್ಟಿದ್ದೇನೆ. ನಿನ್ನ ಸಾರಿಗೆ ಹದವಾದ ಉಪ್ಪೂ ಹಡಗಿಗೆ ತೆಪ್ಪಗಿರುವ ನೀರೂ ಸಿಗಲಿ.

ಇಂತು ನಿನ್ನ ಅಪ್ಪ
ವೆಂಡೆಲಿನ್

ತಾ.ಕ.: ಮರೆತಿದ್ದೆ. ಅತಿಥಿಗಳಿಗೆ ‘ಇನ್ನೆರಡು ದಿನ ಇರಿ’ ಎನ್ನುವುದು ನನಗೆ ಬಾಯಿಪಾಠ. ಈ ಸಲ ಆ ‘ಇರಿ’ ನಿಜಕ್ಕೂ ಇರಿದೀತು. ಹೇಳಬೇಕಾದ್ದು ‘ಇರು’. ಅದನ್ನು ನಿನ್ನಮ್ಮನ ಅಡುಗೆಮನೆಯಲ್ಲಿ ನಿಂತು ಹೇಳಲು ನಿನ್ನ ಒಪ್ಪಿಗೆ ಬೇಕು. ಅವಳು ಹೋದಂದಿನಿಂದ ನಾನು ಬರೀ ಏಕವಚನ. ಬಹುವಚನವಾಗಲು ಏಕವಚನದಲ್ಲೇ ಕರೆಯಬೇಕಂತೆ, ಇದೆಂಥ ವ್ಯಾಕರಣವೋ! ನಿನ್ನ ಹಡಗು ಶುಕ್ರವಾರ ಬಂದರಿಗೆ ಬಂದಾಗ ಈ ಕಾಗದ ಕೈಸೇರುತ್ತದೆ. ಶನಿವಾರದೊಳಗೆ ಫೋನ್ ಮಾಡು, ‘ಇರಿ’ಯೋ ‘ಇರು’ವೋ ಅಷ್ಟು ಹೇಳಿದರೆ ಸಾಕು. ಹೆಡ್ವಿಗ್ ಅಂಗಳದಲ್ಲಿ ಕೂತು ಬೂಟಿನ ಮಣ್ಣು ಕೆರೆಯುತ್ತಿದ್ದಾಳೆ.