ಅಣ್ಣನ ಬಣ್ಣ, ನನ್ನ ವೈರು

ನಿಜಗುಣಣ್ಣಾ,

ನೀನು ತೀರಿಕೊಂಡು ಎರಡು ವರ್ಷವಾಯಿತು. ನಿನ್ನ ವ್ಯಾನಿನೊಳಗೆ ಮಂಚ, ದೀಪ, ಫ್ಯಾನು ಹಾಕಿಕೊಂಡಿದ್ದೇನೆ. ಅವುಗಳಿಗೆಂದು ಹಿಂಬದಿಯಲ್ಲಿ ಬೇರೆ ಬ್ಯಾಟರಿ ಇಟ್ಟಿದ್ದೇನೆ; ಎಂಜಿನ್ ಓಡುವಾಗ ಅದು ಚಾರ್ಜ್ ಆಗಬೇಕು. ವೈರೆಲ್ಲ ನಾನೇ ಎಳೆದೆ. "ಬಿಡು ತಂಗಿ, ಕರೆಂಟ್ ಹೆಣ್ಣಮಕ್ಕಳ ಕೆಲಸಲ್ಲ" ಎಂದು ಇಕ್ಕಳ ಕಸಿದುಕೊಳ್ಳುತ್ತಿದ್ದೆಯಲ್ಲ, ಈಗ ಕಸಿಯುವವರಿಲ್ಲ.

ಇವತ್ತು ಉಗರಗೋಳದವರೆಗೆ ಓಡಿಸಿದರೂ ಆ ಬ್ಯಾಟರಿ ಚಾರ್ಜ್ ಆಗಲಿಲ್ಲ. ಅಲ್ಲಿನ ಗ್ಯಾರೇಜಿನ ಇಮಾಮಸಾಬ, ಬ್ಯಾಟರಿಯಿಂದ ವ್ಯಾನಿನ ಮೈಗೆ ನಾನು ಬಿಗಿದಿದ್ದ ವೈರನ್ನು ಬಗ್ಗಿ ನೋಡಿ ನಕ್ಕ.

"ಅಕ್ಕಾರ, ಅರ್ಥ್ ವೈರ್ ಬಣ್ಣದ ಮ್ಯಾಲೆ ಬಿಗದೀರಲ್ರಿ! ಬಣ್ಣ ಕರೆಂಟ್ ಬಿಡಂಗಿಲ್ಲ. ತಗಡು ಕಾಣೂತನಕಾ ಕೆರೀರಿ."

"ನಮ್ಮಣ್ಣ ಹಚ್ಚಿದ ಬಣ್ಣ ಐತ್ರಿ ಅದು."

"ಹಂಗಾರ ಬಣ್ಣ ನೋಡಕೋತ ಕತ್ತಲದಾಗ ಕುಂದರ್ರಿ."

ಅವನ ಚಾಕು ಇಸಿದುಕೊಂಡು ನಾನೇ ಕೆರೆದೆ. ಆಸ್ಪತ್ರೆ ಸೇರುವ ಮುಂಚಿನ ವಾರ ನೀನೊಬ್ಬನೇ ಕುಳಿತು ಹಚ್ಚಿದ್ದ ನೀಲಿ ಬಣ್ಣ. ಎರಡು ಪದರ ಇತ್ತು. ಕೆರೆಯಲು ಹೊತ್ತು ಹಿಡಿಯಿತು. ಕೊನೆಗೆ ತಗಡು ಹೊಳೆಯಿತು, ವೈರು ಬಿಗಿದೆ, ಎಂಜಿನ್ ಚಾಲೂ ಮಾಡಿದೆ. ಬ್ಯಾಟರಿಯ ಮೀಟರು ಹನ್ನೆರಡು ವೋಲ್ಟಿನಿಂದ ಹದಿನಾಲ್ಕಕ್ಕೆ ಏರಿತು; ಚಾರ್ಜ್ ಆಗತೊಡಗಿತು.

ತುಕ್ಕು ಹಿಡಿಯದಿರಲಿ ಎಂದು ಸುತ್ತ ಗ್ರೀಸು ಸವರಿದ್ದೇನೆ. ಮತ್ತೆ ಬಣ್ಣ ಹಚ್ಚಿ ಮುಚ್ಚುವುದಿಲ್ಲ. ಬೈಯುವುದಿದ್ದರೆ ಬಂದು ಬೈ.