ಅಪ್ಪನ ಕೈ ತಪ್ಪಿತಂತೆ

ಅಫ್ಯೋನ್
೧೪ ಅಕ್ಟೋಬರ್ ೨೦೧೨

ಪ್ರೀತಿಯ ತಮ್ಮ ತುನ್ಜೆರ್,

ಹೇಗಿದ್ದೀಯಪ್ಪಾ? ಇಜ್ಮಿರ್‌ನ ಸಮುದ್ರದ ಗಾಳಿ ಮೈಗೆ ಒಗ್ಗಿದೆಯಾ? ಸೊಂಟನೋವು ಕಡಿಮೆಯಾಯಿತಾ? ಸೆವ್ದಾ, ಮಗು ಆರಾಮವೇ? ನಾವು ಇಲ್ಲಿ ಕ್ಷೇಮ ಎಂದು ಬರೆಯುವುದು ಪದ್ಧತಿ, ಅದಕ್ಕೇ ಬರೆದಿದ್ದೇನೆ, ನಂಬಬೇಡ. ಫೋನ್ ಮಾಡಿದರೆ ಎತ್ತುವುದಿಲ್ಲ ನೀನು. ಕಾಗದವನ್ನು ಕಟ್ ಮಾಡಲಾರೆಯಲ್ಲ, ಹಾಗಾಗಿ ಕೂತು ಬರೆಯುತ್ತಿದ್ದೇನೆ. ಅಪ್ಪ ಪಕ್ಕದಲ್ಲೇ ಇದ್ದಾರೆ. ಲಕೋಟೆ ಅಂಟಿಸುವ ಮುಂಚೆ ತಾವು ಓದಬೇಕಂತೆ. ನನ್ನ ಬಾಯಿ ಎಂಥದ್ದೆಂದು ಅವರಿಗೆ ಗೊತ್ತು.

ನಿನ್ನ ಹಳೇ ಮುರಾತ್ ಕಾರು ಗ್ಯಾರೇಜಿನ ಮುಂದೆ ಬಾನೆಟ್ ತೆರೆದುಕೊಂಡು ನಿಂತಿದೆ. ಒಂದು ಪಿಸ್ಟನ್ ಮೇಣದ ಹಾಗೆ ಕರಗಿ ನಡುವೆ ತೂತು ಬಿದ್ದಿದೆ. ಎದುರು ಗ್ಯಾರೇಜಿನ ವೆಹ್ಬಿ ಅದನ್ನು ಕೇಳಿ ಇಸಿದುಕೊಂಡು ಹೋಗಿ ತನ್ನ ಬಾಗಿಲಿಗೆ ನೇತುಹಾಕಿದ್ದಾನೆ. ಹೋಗಿ ಬರುವವರಿಗೆಲ್ಲ, "ಬನ್ರೋ, ರೆಮ್ಜಿ ಉಸ್ತಾದರು ಟರ್ಬೊಗೂ ಉಪವಾಸ ಹಿಡಿಸಿಬಿಟ್ರು ನೋಡಿ" ಅನ್ನುತ್ತಾನೆ. ಜನ ನಗುತ್ತಾರೆ. ನಗದೆ ಏನು ಮಾಡುತ್ತಾರೆ? ಅಪ್ಪನ ಹೆಸರು ಬೆಳೆದದ್ದೇ ಪೆಟ್ರೋಲ್ ಉಳಿಸಿಕೊಟ್ಟು. ಬೆಲೆ ಏರಿದಾಗಲೆಲ್ಲ ಟ್ಯಾಕ್ಸಿಯವರು ಬಾಗಿಲಲ್ಲಿ ಸಾಲುಗಟ್ಟುತ್ತಿದ್ದರು. ಅಪ್ಪ ಕಾರ್ಬ್ಯುರೇಟರ್ ಬಿಚ್ಚಿ, ಪೆಟ್ರೋಲ್ ಹಾಯುವ ಹಿತ್ತಾಳೆಯ ಜೆಟ್ ತೆಗೆದು ಇನ್ನೂ ಸಣ್ಣ ತೂತಿನದನ್ನು ಹಾಕಿಕೊಡುತ್ತಿದ್ದರು. "ನಿಮ್ಮ ಕೈಗೆ ಆಯುಸ್ಸು ಬರಲಿ ಉಸ್ತಾದ್" ಎಂದು ಹರಸಿ ಹೋಗುತ್ತಿದ್ದರು. ಆ ಜೆಟ್‌ಗಳನ್ನು ತೊಳೆದು ತೊಳೆದು ನನ್ನ ಉಗುರಿಗೆ ಹತ್ತಿದ ವಾಸನೆ ಮದುವೆಯಾದರೂ ಹೋಗಲಿಲ್ಲ.

ಹಳೇ ಕಾರುಗಳ ಮೇಳದಲ್ಲಿ ಮೆರೆಯಬೇಕೆಂದು, ಎಂಜಿನ್ನಿಗೆ ಗಾಳಿ ತುಂಬುವ ಟರ್ಬೊ ಹೊತ್ತುಕೊಂಡು ಬಂದವನು ನೀನು. ಕಾರ್ಬ್ಯುರೇಟರ್ ಕಿತ್ತುಹಾಕಿ ಹೊಸ ಕಾರುಗಳ ಹಾಗೆ ಫ್ಯುಯೆಲ್ ಇಂಜೆಕ್ಷನ್ ಹಾಕಿಸು ಎಂದು ವೆಹ್ಬಿ ಹೇಳಿದಾಗ, "ನಮ್ಮಪ್ಪನ ಕೈ ಇರುವಾಗ ಅದ್ಯಾಕೆ?" ಅಂದವನೂ ನೀನೇ. ಆ ಒಂದು ಮಾತಿಗೆ ಅಪ್ಪ ಎಷ್ಟು ಹಿಗ್ಗಿದರೋ ಮಾರಾಯ! ಟರ್ಬೊ ಊದುವ ಗಾಳಿ ಸೋರದಂತೆ ಕಾರ್ಬ್ಯುರೇಟರ್‌ನ ಸಂದುಗಳನ್ನೆಲ್ಲ ಬಿಗಿದರು. ಒಳಗೆ ಪೆಟ್ರೋಲಿನ ಮೇಲೆ ತೇಲುವ ಟೊಳ್ಳು ಫ್ಲೋಟ್ ಒತ್ತಡಕ್ಕೆ ಅಪ್ಪಚ್ಚಿಯಾಗುತ್ತದೆಂದು ಗಟ್ಟಿಯದನ್ನು ಕೂರಿಸಿದರು. ಜನ್ಮದಲ್ಲಿ ಮೊದಲ ಸಲ ಜೆಟ್‌ನ ತೂತನ್ನು ತಾವೇ ಕೊರೆದು ದೊಡ್ಡದು ಮಾಡಿದರು. ನೀನು ಒಂದು ಸುತ್ತು ಓಡಿಸಿ ಬಂದು, "ಇದೇನಪ್ಪಾ, ಹೀಗೆ ಕುಡಿಯುತ್ತೆ!" ಎಂದು ಗೊಣಗಿದೆ. "ಕುಡೀಲಿ ಬಿಡು ಮಗನೇ. ಇಷ್ಟು ಗಾಳಿ ತುಂಬಿದಾಗ ಪೆಟ್ರೋಲ್ ಕಡಿಮೆ ಮಾಡಿದ್ರೆ ಒಳಗೆ ಸುಟ್ಟುಹೋಗುತ್ತೆ. ಮನೆ ತುಂಬ ನೆಂಟರನ್ನ ಕರೆದು ಇಬ್ಬರಿಗಾಗೋಷ್ಟು ಅಡುಗೆ ಮಾಡ್ತಾರೇನೋ?" ಅಂದರು. ಆ ಮಾತು ನಿನಗೆ ನೆನಪಿದೆ ತಾನೇ?

ಮಾರನೆಯ ದಿನ ನೀನು ಹೊರಟಾಗ ಪ್ರಯಾಣ ಸಲೀಸಾಗಲೆಂದು ಕಾರಿನ ಹಿಂದೆ ನೀರು ಚೆಲ್ಲಿದವಳು ನಾನು. ದುಮ್ಲುಪನಾರ್ ಏರಿನಲ್ಲಿ ಎಂಜಿನ್ ಸತ್ತು, ನೀನೂ ಕಾರೂ ಲಾರಿಯ ಮೇಲೆ ವಾಪಸಾದಿರಿ. ಗ್ಯಾರೇಜುಗಳ ಬೀದಿಯೆಲ್ಲ ನೋಡುತ್ತಿರುವಾಗ, "ನಿನ್ನ ಜಿಪುಣತನ ಮಗನ ಕಾರನ್ನೂ ಬಿಡಲಿಲ್ಲವಲ್ಲ!" ಎಂದು ನೀನು ಅಪ್ಪನ ಮೇಲೆ ಕೂಗಾಡಿದೆ. ಅವರ ಕೈಗೆ ಮುತ್ತಿಟ್ಟು ಬೀಳ್ಕೊಳ್ಳದೆ ಬಸ್ಸು ಹತ್ತಿದೆ. ಆಮೇಲೆ ಕಾರ್ಬ್ಯುರೇಟರ್ ಬಿಚ್ಚಿದರೆ ಒಳಗಿದ್ದದ್ದು ಸಣ್ಣ ಜೆಟ್. ಅಪ್ಪ ಚಹಾದಂಗಡಿಗೆ ನಡೆದು ಹೋಗಿ ಎಲ್ಲರೆದುರು, "ಹಳೇ ಅಭ್ಯಾಸ. ಕೊನೆಗೆ ಬಿಗಿಯುವಾಗ ಸಣ್ಣದನ್ನೇ ಹಾಕಿಬಿಟ್ಟೆ. ಕೈ ತಪ್ಪಿತು" ಅಂದುಬಿಟ್ಟರು. ಅಂದಿನಿಂದ ಒಬ್ಬ ಗಿರಾಕಿ ಬಂದಿಲ್ಲ. ಕೈ ತಪ್ಪಿದವನು ಎಂಜಿನ್ ಮುಟ್ಟಬಾರದು ಅನ್ನುತ್ತಾರೆ ಅಪ್ಪ. ಬರುವ ಶುಕ್ರವಾರ ನಮಾಜು ಮುಗಿಸಿ ಗ್ಯಾರೇಜಿನ ಬೀಗದ ಕೈಯನ್ನು ವೆಹ್ಬಿಗೆ ಕೊಡುತ್ತಾರಂತೆ. ಬೇರೆ ಯಾರೂ ಸಿಗಲಿಲ್ಲವೇ, ವೆಹ್ಬಿಗೇ ಕೊಡಬೇಕೆ!

ಅಪ್ಪ ನಿನಗೆ ಸಲಾಂ ಹೇಳಿದ್ದಾರೆ, ನಾನು ಕೇಳದೆಯೇ. ಚಳಿಯಲ್ಲಿ ಸೊಂಟಕ್ಕೆ ಉಣ್ಣೆಪಟ್ಟಿ ಕಟ್ಟಿಕೋ ಅಂದಿದ್ದಾರೆ. ತಮ್ಮನ ಕಣ್ಣಿಗೆ ಮುತ್ತಿಟ್ಟು ಅಕ್ಕ ಕಾಗದ ಮುಗಿಸಬೇಕು. ಮಗುವಿನ ಕಣ್ಣಿಗೆ ಇಟ್ಟಿದ್ದೇನೆ. ನಿನ್ನದು ಸದ್ಯಕ್ಕೆ ಇರಲಿ.

ನಿನ್ನ ಅಕ್ಕ
ನೆರ್ಮಿನ್

ತಾ.ಕ.: ಅಪ್ಪ ಓದಿ, ತಲೆಯಾಡಿಸಿ, ಕೈಕಾಲು ತೊಳೆಯಲು ಎದ್ದು ಹೋದರು. ಬೇಗ ಬೇಗ ಬರೆಯುತ್ತೇನೆ. ದೊಡ್ಡ ಜೆಟ್ ಕಾರಿನ ಆಶ್‌ಟ್ರೇಯಲ್ಲಿ ಸಿಕ್ಕಿತು, ದಾರಿಗೆಂದು ನಾನು ಕೊಟ್ಟ ಲೋಕುಮ್ ಮಿಠಾಯಿಯ ಕಾಗದದಲ್ಲಿ ಸುತ್ತಿ. ಪೆಟ್ರೋಲ್ ಉಳಿಸೋಣವೆಂದು ಗ್ಯಾರೇಜಿನಿಂದ ಸಣ್ಣದೊಂದನ್ನು ಜೇಬಿಗೆ ಹಾಕಿಕೊಂಡು ಹೋಗಿ ದಾರಿಯಲ್ಲಿ ನೀನೇ ಬದಲಾಯಿಸಿದ್ದೀಯ, ಪಾಪಿ! ನಾನು ಅಪ್ಪನಿಗೆ ತೋರಿಸಿದೆ. ಮುಷ್ಟಿಯಲ್ಲಿ ಮುಚ್ಚಿಕೊಂಡು, "ಯಾರಿಗೂ ಹೇಳಬೇಡ ಮಗಳೇ, ಹುಡುಗ ನನ್ನನ್ನ ನೋಡಿಯೇ ಕಲಿತದ್ದು" ಅಂದರು. ಚಹಾದಂಗಡಿಗೆ ಹೋದದ್ದು ಅದಾದ ಮೇಲೆ. ಅವರ ಡಬ್ಬಿಯಿಂದ ಕದ್ದು ಆ ಜೆಟ್ಟನ್ನು ಈ ಲಕೋಟೆಯಲ್ಲಿ ಇಟ್ಟಿದ್ದೇನೆ. ಶುಕ್ರವಾರದೊಳಗೆ ಚಹಾದಂಗಡಿಗೆ ಫೋನ್ ಮಾಡು, ನನಗಲ್ಲ. ವೆಹ್ಬಿಯನ್ನೇ ಕರೆಸಿ, ಜೆಟ್ ಬದಲಾಯಿಸಿದ್ದು ನಾನೇ ಎಂದು ಅವನ ಕಿವಿಗೆ ಹೇಳು. ಅಪ್ಪನಿಗೆ ನಿನ್ನ ಮೇಲೆ ಇಷ್ಟೂ ಸಿಟ್ಟಿಲ್ಲ ಕಣೋ. ನನಗೆ ತಡೆಯಲಾಗದಿರುವುದು ಅದೇ.